ಕಣ್ಣೀರು ಬಂದ ಮಾತ್ರಕ್ಕೆ ಬದಲಾದ ಅಂತಲ್ಲ

ಯಾವುದಾದರೂ ಅತ್ಯಾಚಾರದ ಸುದ್ದಿ ದೊಡ್ಡದಾದಾಗಲೆಲ್ಲ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, ನಡುರಸ್ತೆಯಲ್ಲಿ ನೇಣಿಗೆ ಹಾಕಿ. ಇನ್ನೊಂದು, ಅವನ ಮುಖದಲ್ಲಿ ಒಂಚೂರಾದರೂ ಪಶ್ಚಾತ್ತಾಪ ಇದೆಯಾ ನೋಡಿ. ಟಿವಿಯವರು ಕೋರ್ಟಿನ ಬಾಗಿಲಲ್ಲಿ ಕ್ಯಾಮೆರಾ ಹಿಡಿದು ನಿಂತಿರುತ್ತಾರೆ, ತಲೆ ತಗ್ಗಿಸಿದನಾ, ಅತ್ತನಾ, ನಕ್ಕನಾ ಅಂತ. ಶಿಕ್ಷೆಯಾಗಿ ಜೈಲಿನ ಗೇಟು ಮುಚ್ಚಿದ ಮೇಲೆ ಒಳಗೆ ಅವನನ್ನು ಏನು ಮಾಡುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಹತ್ತು ವರ್ಷವೋ ಹದಿನಾಲ್ಕು ವರ್ಷವೋ ಕಳೆದ ಮೇಲೆ ಅವನು ಹೊರಗೆ ಬರುತ್ತಾನೆ. ಹಾಗೆ ಹೊರಗೆ ಬರುವವರೇ ಜಾಸ್ತಿ. ನೇಣಿಗೆ ಹೋಗುವವರು ಬೆರಳೆಣಿಕೆಯಷ್ಟು.

ನಾನು ವಕೀಲನಲ್ಲ, ಮನಃಶಾಸ್ತ್ರ ಓದಿದವನೂ ಅಲ್ಲ. ಆಸ್ಪತ್ರೆಗಳ ಡೇಟಾ ಇಟ್ಟುಕೊಂಡು ಒಂದು ಚಿಕಿತ್ಸೆ ನಿಜವಾಗಿ ಕೆಲಸ ಮಾಡಿತಾ ಇಲ್ವಾ ಅಂತ ಲೆಕ್ಕ ಹಾಕುವುದು ನನ್ನ ಹೊಟ್ಟೆಪಾಡು. ಈ ವಿಷಯ ನನ್ನನ್ನು ಹಿಡಿದಿದ್ದೂ ಆ ದಾರಿಯಿಂದಲೇ. ಲೈಂಗಿಕ ಅಪರಾಧಿಗಳಿಗೆ ಜೈಲಿನಲ್ಲೇ ಚಿಕಿತ್ಸೆ ಕೊಟ್ಟು, ಇಪ್ಪತ್ತೈದು ವರ್ಷ ಅದನ್ನು ನಡೆಸಿ, ಆಮೇಲೆ ಫಲಿತಾಂಶ ಅಳೆದು ನೋಡಿ ಬೆಚ್ಚಿಬಿದ್ದ ದೇಶ ಒಂದಿದೆ. ಇಂಗ್ಲೆಂಡ್. ಆ ಕಥೆ ಹೇಳುತ್ತೇನೆ.

1990ರ ಏಪ್ರಿಲ್ 1. ಮ್ಯಾಂಚೆಸ್ಟರ್‌ನ ಸ್ಟ್ರೇಂಜ್‌ವೇಸ್ ಜೈಲಿನಲ್ಲಿ ಭಾನುವಾರದ ಪ್ರಾರ್ಥನೆಯ ಹೊತ್ತಿಗೆ ದಂಗೆ ಎದ್ದಿತು. 25 ದಿನ ನಡೆಯಿತು. ಕೈದಿಗಳು ಛಾವಣಿ ಹತ್ತಿ ಕೂತ ಫೋಟೋಗಳನ್ನು ನೀವು ಎಲ್ಲಾದರೂ ನೋಡಿರಬಹುದು. ಕೀಲಿಗೊಂಚಲು ಕೈಗೆ ಸಿಕ್ಕಿದಾಗ ಒಂದಿಷ್ಟು ಕೈದಿಗಳು ನುಗ್ಗಿದ್ದು ಲೈಂಗಿಕ ಅಪರಾಧಿಗಳನ್ನು ಬೇರೆ ಇಟ್ಟಿದ್ದ ವಿಭಾಗಕ್ಕೆ. ಅಲ್ಲಿದ್ದವರಿಗೆ ಸಿಕ್ಕಾಪಟ್ಟೆ ಏಟು ಬಿತ್ತು. ಅದರಲ್ಲಿ ಒಬ್ಬ ಆಸ್ಪತ್ರೆಯಲ್ಲಿ ಸತ್ತ. ಅವನಿನ್ನೂ ವಿಚಾರಣಾಧೀನ ಕೈದಿ, ತಪ್ಪಿತಸ್ಥ ಅಂತ ತೀರ್ಪೇ ಬಂದಿರಲಿಲ್ಲ. (ಜೈಲಿನಲ್ಲಿ ಇಂಥವರಿಗೆ ಬೇರೆ ಕೈದಿಗಳೇ ಬುದ್ಧಿ ಕಲಿಸುತ್ತಾರೆ ಬಿಡಿ ಅಂತ ನಮ್ಮಲ್ಲೂ ಖುಷಿಯಿಂದ ಹೇಳುವವರಿದ್ದಾರೆ. ಬುದ್ಧಿ ಕಲಿಸುವುದು ಅಂದರೆ ಇದೇ.)

ಅಲ್ಲಿಯವರೆಗೆ ಈ ಕೈದಿಗಳನ್ನು ಬೇರೆಯವರಿಂದ ಕಾಪಾಡುವುದೇ ದೊಡ್ಡ ಕೆಲಸವಾಗಿತ್ತು. ದಂಗೆಯ ನಂತರ, 1991ರಲ್ಲಿ, ಸುಮ್ನೆ ಕೂಡಿಹಾಕಿದರೆ ಸಾಲದು, ಚಿಕಿತ್ಸೆ ಕೊಡಬೇಕು ಅಂತ ಸರ್ಕಾರ ತೀರ್ಮಾನಿಸಿತು. ಹಾಗೆ ಹುಟ್ಟಿದ್ದು ಎಸ್‌ಒಟಿಪಿ, ಅಂದರೆ ಸೆಕ್ಸ್ ಅಫೆಂಡರ್ ಟ್ರೀಟ್‌ಮೆಂಟ್ ಪ್ರೋಗ್ರಾಮ್. ಒಂದೇ ಪಠ್ಯ, ಒಂದೇ ತರಬೇತಿ, ದೇಶದ ಹಲವು ಜೈಲುಗಳಲ್ಲಿ ಒಂದೇ ರೀತಿ. ನಡೆಸುವವರೆಲ್ಲ ಮನಃಶಾಸ್ತ್ರಜ್ಞರಲ್ಲ. ಕೀಲಿ ಹಿಡಿದು ಓಡಾಡುವ ಜೈಲು ಸಿಬ್ಬಂದಿಗೇ ಕೆಲವು ವಾರ ತರಬೇತಿ ಕೊಟ್ಟು ಕೂರಿಸುತ್ತಿದ್ದರು. ಅವರು ಪಠ್ಯ ಬಿಟ್ಟು ಆಚೀಚೆ ಹೋಗಬಾರದು ಅಂತ ಪ್ರತಿ ಸೆಷನ್ ವಿಡಿಯೋ ಆಗುತ್ತಿತ್ತು. ಕಾಟಾಚಾರಕ್ಕೆ ಮಾಡಿದ ಕೆಲಸ ಅಲ್ಲ, ಬಹಳ ಮುತುವರ್ಜಿಯಿಂದ ಮಾಡಿದ್ದು.

ಒಳಗೆ ಏನು ನಡೆಯುತ್ತಿತ್ತು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಸುತ್ತ ಕುರ್ಚಿ ಹಾಕಿ ಎಂಟೊಂಬತ್ತು ಜನ ಕೂರುತ್ತಾರೆ. ಪಕ್ಕದಲ್ಲಿ ದೊಡ್ಡ ಹಾಳೆಗಳ ಬೋರ್ಡು. ಒಬ್ಬ ಎದ್ದು ತಾನು ಮಾಡಿದ್ದನ್ನು ಹೇಳಬೇಕು. 'ಅವತ್ತು ಕುಡಿದಿದ್ದೆ, ಏನಾಯ್ತೋ ಗೊತ್ತಾಗಲಿಲ್ಲ' ಅಂದರೆ ನಡೆಯುವುದಿಲ್ಲ. ಬೆಳಿಗ್ಗೆ ಎದ್ದಾಗ ಮನಸ್ಸಿನಲ್ಲಿ ಏನಿತ್ತು, ಆ ಮನೆಗೆ ಯಾಕೆ ಹೋದೆ, ಮಗು ಒಂಟಿಯಾಗಿರುತ್ತೆ ಅಂತ ಮೊದಲೇ ಗೊತ್ತಿತ್ತಾ, ಬಾಗಿಲು ಹಾಕಿದ್ದು ಯಾರು, ಹೀಗೆ ಒಂದೊಂದೇ ಹೆಜ್ಜೆ. ಉಳಿದವರು ಪ್ರಶ್ನೆ ಕೇಳುತ್ತಾರೆ. ಒಬ್ಬ ಕಳ್ಳನ ಸುಳ್ಳು ಇನ್ನೊಬ್ಬ ಕಳ್ಳನಿಗೆ ಬೇಗ ಗೊತ್ತಾಗುತ್ತೆ ಅಲ್ವಾ, ಅದೇ ಲೆಕ್ಕ. ಆಮೇಲೆ ಬರುವುದು ಎಲ್ಲರೂ ಮುಖ್ಯ ಅಂದುಕೊಂಡಿದ್ದ ಭಾಗ. ಈಗ ಅವನು ಬಲಿಯಾದವಳ ಜಾಗದಲ್ಲಿ ನಿಲ್ಲಬೇಕು, ಅವಳಾಗಿ ಮಾತಾಡಬೇಕು, ಅವಳ ಹೆಸರಲ್ಲಿ ಪತ್ರ ಬರೆಯಬೇಕು. ಇಲ್ಲಿ ಬಂದಾಗ ಎಷ್ಟೋ ಜನ ಒಡೆದುಹೋಗುತ್ತಿದ್ದರು, ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಎದುರಿಗೆ ಕೂತ ಸಿಬ್ಬಂದಿಗೆ ಇನ್ನೇನು ಅನ್ನಿಸುತ್ತೆ ಹೇಳಿ? ಕಲ್ಲು ಕರಗಿತು ಅಂತಲೇ ಅನ್ನಿಸುತ್ತೆ.

ನಮಗೂ ಹಾಗೇ ಅನ್ನಿಸುತ್ತೆ. ಅಂಗುಲಿಮಾಲನ ಕಥೆ ಕೇಳಿ ಬೆಳೆದವರು ನಾವು. ಬುದ್ಧ ಎದುರು ನಿಂತು ಒಂದು ಮಾತಾಡಿದ, ಕೊಲೆಗಾರ ಕತ್ತಿ ಬಿಸಾಕಿ ಕಾಲಿಗೆ ಬಿದ್ದ. ಬದಲಾವಣೆ ಅಂದರೆ ನಮ್ಮ ತಲೆಯಲ್ಲಿ ಮೂಡುವ ಚಿತ್ರ ಅದೇ.

ಶುರುವಿನ ಲೆಕ್ಕಗಳೂ ಆಸೆ ಹುಟ್ಟಿಸುವಂತೆಯೇ ಇದ್ದವು. 2003ರಲ್ಲಿ ಬಂದ ಒಂದು ಅಧ್ಯಯನ ಬಿಡುಗಡೆಯಾಗಿ ಎರಡು ವರ್ಷದ ಮಟ್ಟಿಗೆ ನೋಡಿತ್ತು. ಚಿಕಿತ್ಸೆ ಪಡೆದವರಲ್ಲಿ 4.6% ಜನ ಮತ್ತೆ ಲೈಂಗಿಕ ಅಥವಾ ಹಿಂಸೆಯ ಅಪರಾಧಕ್ಕೆ ಶಿಕ್ಷೆಗೊಳಗಾಗಿದ್ದರು, ಪಡೆಯದವರಲ್ಲಿ 8.1%. ಪರವಾಗಿಲ್ವಲ್ಲ ಅಂತ ಎಲ್ಲರೂ ಸಮಾಧಾನಪಟ್ಟರು. ಆದರೆ ಬರೀ ಲೈಂಗಿಕ ಅಪರಾಧವನ್ನಷ್ಟೇ ಬಿಡಿಸಿ ನೋಡಿದರೆ ವ್ಯತ್ಯಾಸ ಅಷ್ಟಕ್ಕಷ್ಟೇ. ಆ ಸಾಲನ್ನು ಜಾಸ್ತಿ ಜನ ಓದಿರಲಿಕ್ಕಿಲ್ಲ.

ಆಮೇಲೆ ಬಂತು ನೋಡಿ, 2017ರ ಜೂನ್ 30ರ ವರದಿ. ಬ್ರಿಟನ್ನಿನ ನ್ಯಾಯ ಸಚಿವಾಲಯದ್ದೇ. 2000ರಿಂದ 2012ರ ನಡುವೆ ಚಿಕಿತ್ಸೆ ಪಡೆದ 2,562 ಕೈದಿಗಳು, ಚಿಕಿತ್ಸೆ ಪಡೆಯದ 13,219 ಕೈದಿಗಳು. ಹೊರಬಂದ ಮೇಲೆ ಸರಾಸರಿ ಎಂಟು ವರ್ಷಕ್ಕೂ ಹೆಚ್ಚು ಕಾಲ ಅವರ ದಾಖಲೆ ನೋಡಿದರು. ಸುಮ್ನೆ ಈ ಗುಂಪು ಆ ಗುಂಪು ಅಂತ ಹೋಲಿಸಲಿಲ್ಲ. ವಯಸ್ಸು, ಹಿಂದಿನ ಅಪರಾಧ, ಕುಡಿತ, ಮನೆ, ಕೆಲಸ ಹೀಗೆ 80ಕ್ಕೂ ಹೆಚ್ಚು ಅಂಶಗಳಲ್ಲಿ ಒಬ್ಬರಿಗೊಬ್ಬರು ಹೊಂದುವ ಹಾಗೆ ಜೋಡಿಸಿದರು. ಚಿಕಿತ್ಸೆ ಪಡೆಯದವರಲ್ಲಿ ಮತ್ತೆ ಲೈಂಗಿಕ ಅಪರಾಧ ಮಾಡಿದವರು 100ಕ್ಕೆ 8 ಜನ. ಚಿಕಿತ್ಸೆ ಪಡೆದವರಲ್ಲಿ 100ಕ್ಕೆ 10. ಮಕ್ಕಳ ಅಶ್ಲೀಲ ಚಿತ್ರಗಳ ಅಪರಾಧವನ್ನಷ್ಟೇ ತೆಗೆದುಕೊಂಡರೆ 2.9% ವಿರುದ್ಧ 4.4%.

ಹೌದು, ಸರಿಯಾಗೇ ಓದಿದ್ದೀರಿ. ಚಿಕಿತ್ಸೆ ಪಡೆದವರದ್ದೇ ಜಾಸ್ತಿ.

ನನ್ನ ಕಸುಬಿನವರು ಇಲ್ಲಿ ತಕ್ಷಣ ತಕರಾರು ತೆಗೆಯುತ್ತಾರೆ, ತೆಗೆಯಲೂಬೇಕು. ಚೀಟಿ ಎತ್ತಿ ಯಾರಿಗೆ ಚಿಕಿತ್ಸೆ ಅಂತ ಆರಿಸಿದ್ದಲ್ಲ ಇದು. ಮಕ್ಕಳ ಕಡೆಗೇ ಮನಸ್ಸು ಎಳೆಯುವ ವಿಕೃತಿ ಯಾರಿಗಿತ್ತು, ಎಷ್ಟಿತ್ತು ಅನ್ನುವಂಥದ್ದು ದಾಖಲೆಯಲ್ಲಿ ಇರುವುದಿಲ್ಲ. ಚಿಕಿತ್ಸೆಗೆ ಕಳಿಸಿದವರೇ ಮೊದಲಿನಿಂದ ಹೆಚ್ಚು ಅಪಾಯದವರಾಗಿದ್ದಿರಬಹುದು. ಒಪ್ಪೋಣ. ಆದರೂ ಇಷ್ಟು ದೊಡ್ಡ ಸಂಖ್ಯೆ, ಇಷ್ಟು ವರ್ಷ, ಒಳ್ಳೆಯದಾಗಿದ್ದರೆ ಎಲ್ಲೋ ಒಂದು ಕಡೆ ಕಾಣಬೇಕಿತ್ತು. ಸರ್ಕಾರಕ್ಕೂ ಹಾಗೇ ಅನ್ನಿಸಿತು. ವರದಿ ಹೊರಬರುವ ಮೊದಲೇ, ಆ ವರ್ಷದ ಮಾರ್ಚ್‌ನಲ್ಲಿ, ಎಸ್‌ಒಟಿಪಿ ನಿಲ್ಲಿಸಿದರು.

ಯಾಕೆ ಹೀಗಾಯಿತು? ವರದಿಯೇ ಒಂದಿಷ್ಟು ಊಹೆ ಮುಂದಿಟ್ಟಿದೆ. ಗುಂಪಿನಲ್ಲಿ ಕೂತು ಎಂಟು ಜನರ ಕಥೆ ಕೇಳಿದವನಿಗೆ ತಾನು ಮಾಡಿದ್ದು ಅಂಥ ವಿಚಿತ್ರವೇನಲ್ಲ ಅನ್ನಿಸಬಹುದು, ನನ್ನಂಥವರು ಬೇಕಾದಷ್ಟು ಜನ ಇದ್ದಾರಲ್ಲ ಅಂತ. ಇನ್ನೂ ಕೆಟ್ಟದ್ದೆಂದರೆ ಪರಿಚಯ ಬೆಳೆದು, ಎಲ್ಲಿ ಏನು ಸಿಗುತ್ತೆ ಅನ್ನುವ ಮಾಹಿತಿ ಕೈಬದಲಾಗಬಹುದು.

ನನಗೆ ಇದಕ್ಕಿಂತ ದೊಡ್ಡ ಕಾರಣವಾಗಿ ಕಾಣುವುದು ಬೇರೆ. ಅವರು ಅಷ್ಟು ಕಷ್ಟಪಟ್ಟು ಬದಲಿಸಲು ಹೊರಟದ್ದು, ಮತ್ತೆ ಅಪರಾಧ ಮಾಡುವುದಕ್ಕೆ ಸಂಬಂಧವೇ ಹೆಚ್ಚಿಲ್ಲದ ಸಂಗತಿಗಳನ್ನು. ಕೆನಡಾದ ಕಾರ್ಲ್ ಹ್ಯಾನ್ಸನ್ ಅನ್ನುವ ಸಂಶೋಧಕ ಮತ್ತು ಅವರ ಜೊತೆಯವರು ಹತ್ತಾರು ಅಧ್ಯಯನಗಳನ್ನು ಒಟ್ಟುಹಾಕಿ 1998ರಲ್ಲಿ ಒಮ್ಮೆ, 2005ರಲ್ಲಿ ಇನ್ನೊಮ್ಮೆ ಲೆಕ್ಕ ಹಾಕಿದರು. ತಪ್ಪೊಪ್ಪಿಕೊಂಡನೋ ಇಲ್ಲವೋ, ಬಲಿಯಾದವಳ ಮೇಲೆ ಕನಿಕರ ಇದೆಯೋ ಇಲ್ಲವೋ, ಇವೆರಡರಿಂದ ಮುಂದೆ ಏನು ಮಾಡುತ್ತಾನೆ ಅಂತ ಹೇಳಲು ಹೆಚ್ಚುಕಡಿಮೆ ಆಗುವುದೇ ಇಲ್ಲ. ಹೇಳಲು ಆಗುವುದು ಬೇರೆ ವಿಷಯಗಳಿಂದ: ಹಗಲೂ ರಾತ್ರಿ ತಲೆಯಲ್ಲಿ ಕಾಮವೇ ತುಂಬಿರುವುದು, ವಿಕೃತ ಆಸಕ್ತಿ, ಯಾವ ಕಟ್ಟುಪಾಡಿಗೂ ಬಗ್ಗದ ಬದುಕು, ಹಿಂದೆ ಮಾಡಿದ ಅಪರಾಧ.

ಹ್ಯಾನ್ಸನ್ ಮತ್ತು ಬ್ರಿಟನ್ನಿನ ಡೇವಿಡ್ ಥಾರ್ನ್‌ಟನ್ ಸೇರಿ ಮಾಡಿದ ಸ್ಟ್ಯಾಟಿಕ್-99 ಅನ್ನುವ ಅಳತೆಗೋಲು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಹತ್ತೇ ಪ್ರಶ್ನೆ. ವಯಸ್ಸೆಷ್ಟು? ಯಾರ ಜೊತೆಗಾದರೂ ಎರಡು ವರ್ಷ ಸಂಸಾರ ಮಾಡಿದ್ದಾನಾ? ಹಿಂದೆ ಲೈಂಗಿಕ ಅಪರಾಧ ಮಾಡಿದ್ದನಾ? ಬಲಿಯಾದವರು ಅಪರಿಚಿತರಾ? ಅವರಲ್ಲಿ ಗಂಡಸರು, ಗಂಡುಮಕ್ಕಳೂ ಇದ್ದರಾ? ಹೀಗೇ ಹೋಗುತ್ತೆ. ಹತ್ತರಲ್ಲಿ ಒಂದರಲ್ಲೂ ಪಶ್ಚಾತ್ತಾಪದ ಮಾತಿಲ್ಲ. ಮೊದಲ ಸಲ ಈ ಪಟ್ಟಿ ನೋಡಿದಾಗ ನನಗೆ ಒಂಥರಾ ಸಿಟ್ಟೇ ಬಂತು. ಅತ್ತವನಿಗೂ ಅಳದವನಿಗೂ ಒಂದೇ ಅಂಕವಾ? ಒಂದೇ ಅಂಕ.

ಹಾಗಂತ ಚಿಕಿತ್ಸೆಯೇ ದಂಡ ಅಂತ ತೀರ್ಮಾನಕ್ಕೆ ಬರಬೇಡಿ. 2019ರಲ್ಲಿ ಥೆರೆಸಾ ಗ್ಯಾನನ್ ಮತ್ತಿತರರು ಬೇರೆ ಬೇರೆ ದೇಶಗಳ ಅಧ್ಯಯನ ಸೇರಿಸಿ ನೋಡಿದಾಗ ಚಿತ್ರ ಅಷ್ಟು ಕತ್ತಲಾಗಿರಲಿಲ್ಲ. ಚಿಕಿತ್ಸೆ ಪಡೆದವರಲ್ಲಿ 9.5%, ಪಡೆಯದವರಲ್ಲಿ 14.1% ಮತ್ತೆ ಲೈಂಗಿಕ ಅಪರಾಧ ಮಾಡಿದ್ದರು. ಫಲಿತಾಂಶ ಚೆನ್ನಾಗಿದ್ದದ್ದು ಎಲ್ಲಿ ಅಂದರೆ, ತರಬೇತಿ ಪಡೆದ ಮನಃಶಾಸ್ತ್ರಜ್ಞರು ಶುರುವಿನಿಂದ ಕೊನೆಯವರೆಗೂ ಕೂತು ನಡೆಸಿದ ಕಡೆ. ಪುಸ್ತಕ ಹಿಡಿದು ಓದಿಸಿದರೆ ಆಗುವ ಕೆಲಸ ಅಲ್ಲ ಇದು.

ಎಸ್‌ಒಟಿಪಿ ಜಾಗಕ್ಕೆ ಇಂಗ್ಲೆಂಡಿನಲ್ಲಿ ಬಂದದ್ದು ಹೊರೈಜನ್ ಮತ್ತು ಕೈಜೆನ್ ಅನ್ನುವ ಎರಡು ಕಾರ್ಯಕ್ರಮ. ಮಧ್ಯಮ ಅಪಾಯದವರಿಗೆ ಮೊದಲನೆಯದು, ಹೆಚ್ಚು ಅಪಾಯದವರಿಗೆ ಎರಡನೆಯದು. ಹೊರೈಜನ್‌ನಲ್ಲಿ ಅಪರಾಧದ ಕಥೆ ಬಿಡಿಸಿ ಹೇಳಬೇಕಾಗಿರಲಿಲ್ಲ. 'ನಾನು ಮಾಡಿಲ್ಲ' ಅನ್ನುವವನೂ ಸೇರಬಹುದಿತ್ತು. ಹಿಂದಿನದನ್ನು ಕೆದಕುವ ಬದಲು ಮುಂದಿನದರ ಮೇಲೆ ಕೆಲಸ. ಸಿಟ್ಟು ಬಂದರೆ, ಒಂಟಿತನ ಕಾಡಿದರೆ, ತಲೆಯಲ್ಲಿ ಆ ಯೋಚನೆ ಶುರುವಾದರೆ ಏನು ಮಾಡ್ತೀಯ, ಯಾರಿಗೆ ಫೋನ್ ಮಾಡ್ತೀಯ, ಎಲ್ಲಿಗೆ ಹೋಗಲ್ಲ, ಇಂಥವು. ನೋಡುವವರಿಗೆ ಸಪ್ಪೆ. ಯಾರೂ ಬಿಕ್ಕಿ ಅಳುತ್ತಿರಲಿಲ್ಲ.

ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ ವಾಟನ್ ಅಂತ ಒಂದು ಜೈಲಿದೆ. ಸುಮಾರು 800 ಕೈದಿಗಳು, ಎಲ್ಲರೂ ಲೈಂಗಿಕ ಅಪರಾಧಿಗಳೇ. ಎಲ್ಲರೂ ಅವರೇ ಆದ್ದರಿಂದ ಹೊಡೆದಾಟ ಕಡಿಮೆ, ಏನು ಮಾಡಿ ಬಂದೆ ಅಂತ ಯಾರೂ ಬಚ್ಚಿಡಬೇಕಾಗಿಲ್ಲ. ತುಂಬ ಜನ ಮುದುಕರು. ಹಳೆಯ ಅಪರಾಧಗಳು ಈಗೀಗ ಬಯಲಿಗೆ ಬರುತ್ತಿರುವುದರಿಂದ ಎಪ್ಪತ್ತು ದಾಟಿದ ಮೇಲೆ ಮೊದಲ ಸಲ ಜೈಲು ಕಂಡವರೂ ಇದ್ದಾರೆ. ವಾಕರ್ ಹಿಡಿದು ನಡೆಯುತ್ತಾರೆ. ಸಾಯುವ ಹಂತದಲ್ಲಿರುವವರ ಆರೈಕೆಗೆ ಜೈಲಿನೊಳಗೇ ಬೇರೆ ಕೋಣೆ ಇದೆ.

ಮಾತ್ರೆ ಕೊಡುವ ಕೆಲಸವೂ ಅಲ್ಲಿ ನಡೆಯುತ್ತಿದೆ. ನಮ್ಮ ಟಿವಿ ಚರ್ಚೆಗಳಲ್ಲಿ ಇದಕ್ಕೆ ರಾಸಾಯನಿಕ ಪುರುಷತ್ವ ಹರಣ ಅಂತ ಭಯಂಕರ ಹೆಸರು. ನಿಜದಲ್ಲಿ ಬಹುತೇಕರಿಗೆ ಕೊಡುವುದು ಫ್ಲುಆಕ್ಸೆಟಿನ್‌ನಂಥ ಮಾತ್ರೆ, ಖಿನ್ನತೆಗೆ ಕೊಡುತ್ತಾರಲ್ಲ, ಅದೇ. ತಲೆಯಲ್ಲಿ ಒಂದೇ ಯೋಚನೆ ಗಿರಗಿರ ತಿರುಗುವುದನ್ನು ಅದು ತಗ್ಗಿಸುತ್ತೆ. ಅದು ಸಾಲದವರಿಗೆ ಟೆಸ್ಟೋಸ್ಟೆರಾನ್ ಇಳಿಸುವ ಔಷಧಿ. ಅದರಿಂದ ಮೂಳೆ ಸವೆಯುತ್ತೆ, ಡಾಕ್ಟರು ನಿಗಾ ಇಡಬೇಕು, ನಿಲ್ಲಿಸಿದರೆ ಎಲ್ಲ ಮೊದಲಿನಂತೆ. ಅಲ್ಲಿ ಈವರೆಗೆ ಇದು ಕೈದಿ ಒಪ್ಪಿದರೆ ಮಾತ್ರ. 2025ರ ಮೇನಲ್ಲಿ ಅಂದಿನ ನ್ಯಾಯ ಸಚಿವೆ ಶಬಾನಾ ಮಹಮೂದ್ ಇದನ್ನು 20 ಜೈಲುಗಳಿಗೆ ವಿಸ್ತರಿಸುವುದಾಗಿ ಹೇಳಿದರು, ಕಡ್ಡಾಯ ಮಾಡಬಹುದಾ ಅಂತಲೂ ನೋಡುತ್ತೇವೆ ಅಂದರು. ಕಡ್ಡಾಯ ಅಂದಕೂಡಲೇ ಡಾಕ್ಟರು ಜೈಲರ್ ಆಗುತ್ತಾರೆ, ನನಗದು ಸರಿ ಕಾಣುವುದಿಲ್ಲ. ಇನ್ನೊಂದು ವಿಷಯ, ಎಲ್ಲ ಅತ್ಯಾಚಾರವೂ ಕಾಮದಿಂದ ಆಗುವುದಲ್ಲ. ಸಿಟ್ಟು, ಸೇಡು, ಜಾತಿಯ ಸೊಕ್ಕು, ಅವಳಿಗೆ ಬುದ್ಧಿ ಕಲಿಸ್ತೀನಿ ಅನ್ನುವ ಹಟ, ಇವಕ್ಕೆ ಯಾವ ಮಾತ್ರೆ? ನಮ್ಮಲ್ಲಿ 2013ರಲ್ಲಿ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ರಾಸಾಯನಿಕ ಪುರುಷತ್ವ ಹರಣದ ಶಿಕ್ಷೆ ಬೇಡ ಅಂದದ್ದೂ ಇಂಥದ್ದೇ ಕಾರಣಕ್ಕೆ.

ಇನ್ನು ನಮ್ಮ ಕಡೆ. 2018ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಪಟ್ಟಿ ಶುರು ಮಾಡಿತು, ಮೊದಲ ದಿನವೇ 4.4 ಲಕ್ಷ ಹೆಸರು. ಪೊಲೀಸರು ಮಾತ್ರ ನೋಡಬಹುದಾದ ಪಟ್ಟಿ. ಹೆಸರು ಬರೆದುಕೊಳ್ಳುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಬರೆದುಕೊಂಡ ಮೇಲೆ? 2025ರ ಇಂಡಿಯಾ ಜಸ್ಟಿಸ್ ರಿಪೋರ್ಟ್ ಪ್ರಕಾರ ದೇಶದ ಜೈಲುಗಳಲ್ಲಿರುವ 5.7 ಲಕ್ಷಕ್ಕೂ ಹೆಚ್ಚು ಕೈದಿಗಳಿಗೆ ಇರುವ ಮನಃಶಾಸ್ತ್ರಜ್ಞರು, ಮನೋವೈದ್ಯರು ಎಲ್ಲ ಸೇರಿ 25 ಜನ. ಲಕ್ಷಕ್ಕೆ 25 ಅಲ್ಲ, ಒಟ್ಟಿಗೇ 25.

ಸರಣಿ ಅತ್ಯಾಚಾರಿ, ಕೊಲೆಗಾರ ಉಮೇಶ್ ರೆಡ್ಡಿ ಹೆಸರು ನಮ್ಮ ರಾಜ್ಯದಲ್ಲಿ ಕೇಳದವರಿಲ್ಲ. ಮರಣದಂಡನೆಯಾದ ಮೇಲೆ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ 2006ರಿಂದ 2016ರವರೆಗೆ ಅವನನ್ನು ಒಂಟಿ ಸೆರೆಯಲ್ಲಿ ಇಟ್ಟಿದ್ದರು. ಅದಕ್ಕೆ ಕಾನೂನಿನ ಆಧಾರವೇ ಇರಲಿಲ್ಲ ಅಂತ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿ, ಗಲ್ಲು ತಪ್ಪಿಸಿ, ಕನಿಷ್ಠ 30 ವರ್ಷದ ಸೆರೆಗೆ ಇಳಿಸಿತು. ಆಗ ನಮ್ಮಲ್ಲಿ ನಡೆದ ಚರ್ಚೆಯೆಲ್ಲ ಗಲ್ಲು ತಪ್ಪಿಸಿದ್ದು ಸರಿಯಾ ತಪ್ಪಾ ಅನ್ನುವುದರ ಸುತ್ತವೇ. ಯಾರನ್ನೂ ನೋಡದೆ ಹತ್ತು ವರ್ಷ ಕೂತ ಮನುಷ್ಯನ ತಲೆಯಲ್ಲಿ ಏನಾಗಿರುತ್ತೆ ಅನ್ನುವುದು ಯಾರಿಗೂ ಬೇಕಿರಲಿಲ್ಲ. ಅಂಥವನು ಹೊರಗೆ ಬರಬಾರದು, ಸರಿ. ನಾನು ಹೇಳುತ್ತಿರುವುದು ಬಂದೇ ಬರುವ ಉಳಿದವರ ಬಗ್ಗೆ.

ಮಧುಮಿತಾ ಪಾಂಡೆ ಅನ್ನುವ ಹುಡುಗಿ ಇಂಗ್ಲೆಂಡಿನಲ್ಲಿ ಪಿಎಚ್‌ಡಿ ಮಾಡುತ್ತ, ದೆಹಲಿಯ ತಿಹಾರ್ ಜೈಲಿಗೆ ಹೋಗಿ ಅತ್ಯಾಚಾರದ ಶಿಕ್ಷೆ ಅನುಭವಿಸುತ್ತಿದ್ದ 100 ಜನರ ಜೊತೆ ಕೂತು ಮಾತಾಡಿದಳು. ನಿಜವಾಗಿ ಪಶ್ಚಾತ್ತಾಪ ಇದ್ದವರು ಮೂರೋ ನಾಲ್ಕೋ ಜನ. ಉಳಿದವರೆಲ್ಲ ಒಂದೋ ನೆಪ ಹೇಳಿದರು, ಇಲ್ಲಾ ಅದು ಅತ್ಯಾಚಾರವೇ ಅಲ್ಲ ಅಂದರು. ಈ ಸುದ್ದಿ ಬಂದಾಗ ನಮ್ಮವರು 'ನೋಡಿ, ಇವರನ್ನು ತಿದ್ದೋಕೆ ಆಗಲ್ಲ' ಅಂತ ಷರಾ ಬರೆದರು. ಮೇಲಿನ ಲೆಕ್ಕ ಸರಿಯಾಗಿದ್ದರೆ ಆ ಷರಾ ದುಡುಕಿನದು. ಒಪ್ಪಿಕೊಳ್ಳದವನು ಮತ್ತೆ ಮಾಡೇ ಮಾಡುತ್ತಾನೆ ಅಂತಲೂ ಇಲ್ಲ, ಒಪ್ಪಿ ಅತ್ತವನು ಮಾಡುವುದಿಲ್ಲ ಅಂತಲೂ ಇಲ್ಲ.

ಹಾಗೆ ನೋಡಿದರೆ ಒಪ್ಪಿಗೆ ಕೇಳದ ಹೊರೈಜನ್ ಥರದ್ದೇ ನಮ್ಮ ಜೈಲುಗಳಿಗೆ ಹೊಂದುವುದು. ನಮ್ಮ ಕೈದಿಗಳಲ್ಲಿ ಮುಕ್ಕಾಲು ಪಾಲು ವಿಚಾರಣಾಧೀನರು. ಶಿಕ್ಷೆಯಾದವರದ್ದೂ ಮೇಲ್ಮನವಿ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ಕೊಳೆಯುತ್ತಿರುತ್ತೆ. ಅಂಥವನನ್ನು ಗುಂಪಿನಲ್ಲಿ ಕೂರಿಸಿ 'ಏನು ಮಾಡಿದೆ ಹೇಳು' ಅಂದರೆ ಯಾವ ವಕೀಲ ಬಾಯಿ ಬಿಡಲು ಬಿಡುತ್ತಾನೆ? ಇನ್ನೊಂದು ತೊಡಕು ಪೋಕ್ಸೊ. ಹದಿನೇಳರ ಹುಡುಗಿ, ಇಪ್ಪತ್ತರ ಹುಡುಗ ಓಡಿಹೋಗಿ ಮದುವೆಯಾದ ಕೇಸೂ ಅದರಲ್ಲಿದೆ, ಪುಟ್ಟ ಮಕ್ಕಳನ್ನು ಹುಡುಕಿಕೊಂಡು ಹೋಗುವವನೂ ಅದರಲ್ಲಿದ್ದಾನೆ. ಒಪ್ಪಿಗೆಯ ವಯಸ್ಸಿನ ಬಗ್ಗೆ ಮತ್ತೆ ಯೋಚಿಸಿ ಅಂತ ನಮ್ಮ ಹೈಕೋರ್ಟಿನ ಧಾರವಾಡ ಪೀಠವೇ 2022ರಲ್ಲಿ ಕಾನೂನು ಆಯೋಗಕ್ಕೆ ಹೇಳಿತ್ತು. ಇಬ್ಬರನ್ನೂ ಒಂದೇ ಬ್ಯಾರಕ್ಕಿಗೆ ಹಾಕಿ ಒಂದೇ ಚಿಕಿತ್ಸೆ ಕೊಟ್ಟರೆ ಹುಡುಗ ಹಾಳಾಗುತ್ತಾನೆ ಅಷ್ಟೇ. ಕಡಿಮೆ ಅಪಾಯದವರಿಗೆ ಭಾರೀ ಚಿಕಿತ್ಸೆ ಕೊಟ್ಟರೆ ಕೆಡುಕೇ ಜಾಸ್ತಿ ಅನ್ನುವುದು ಈ ಕ್ಷೇತ್ರದಲ್ಲಿ ಹಳೆಯ ಪಾಠ. ಮೊದಲು ಆಗಬೇಕಾದ್ದು ಯಾರು ಎಷ್ಟು ಅಪಾಯ ಅಂತ ಬೇರೆ ಮಾಡುವ ಕೆಲಸ. ಅದಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ, ಹತ್ತು ಪ್ರಶ್ನೆ ಕೇಳಲು ಕಲಿತ ನಾಲ್ಕು ಜನ ಬೇಕು.

ಹೊರಗೆ ಬಂದ ಮೇಲಿನ ಕಥೆ ಇನ್ನೂ ಕಷ್ಟದ್ದು. 1994ರಲ್ಲಿ ಕೆನಡಾದ ಹ್ಯಾಮಿಲ್ಟನ್ ಊರಿಗೆ ಮಕ್ಕಳ ಮೇಲೆ ಮತ್ತೆ ಮತ್ತೆ ದೌರ್ಜನ್ಯ ಮಾಡಿದ್ದ ಒಬ್ಬ ಪೂರ್ತಿ ಶಿಕ್ಷೆ ಮುಗಿಸಿ ಬಂದ. ಪೂರ್ತಿ ಮುಗಿಸಿದ್ದರಿಂದ ಅವನ ಮೇಲೆ ಯಾವ ನಿಗಾವೂ ಇಲ್ಲ. ಊರೆಲ್ಲ ಗಲಾಟೆ, ಪೊಲೀಸರಿಗೆ ತಲೆಬಿಸಿ. ಮೆನೊನೈಟ್ ಅನ್ನುವ ಕ್ರೈಸ್ತ ಪಂಗಡದ ಪಾದ್ರಿ ಹ್ಯಾರಿ ನೈ ತಮ್ಮ ಚರ್ಚಿನ ಒಂದಿಷ್ಟು ಜನರನ್ನು ಸೇರಿಸಿಕೊಂಡು ಅವನ ಸುತ್ತ ಒಂದು ಗುಂಪು ಕಟ್ಟಿದರು. ದಿನಾ ಯಾರಾದರೂ ಒಬ್ಬರು ಅವನನ್ನು ಮಾತಾಡಿಸುವುದು, ಮನೆ ಹುಡುಕಿಕೊಡುವುದು, ಎಲ್ಲಿಗೆ ಹೋಗಿದ್ದೆ ಅಂತ ಮುಖಕ್ಕೆ ಹೊಡೆದಂತೆ ಕೇಳುವುದು. ಸಾಯುವವರೆಗೂ ಅವನು ಮತ್ತೆ ಅಂಥ ಕೆಲಸ ಮಾಡಲಿಲ್ಲ. ಅದನ್ನು ನೋಡಿ 'ಸರ್ಕಲ್ಸ್' ಅನ್ನುವ ಪದ್ಧತಿಯೇ ಬೆಳೆಯಿತು, 2002ರ ಹೊತ್ತಿಗೆ ಇಂಗ್ಲೆಂಡಿಗೂ ಹೋಯಿತು. ಅಮೆರಿಕದ ಮಿನ್ನೆಸೋಟದಲ್ಲಿ ನಿಜಕ್ಕೂ ಚೀಟಿ ಎತ್ತಿದ ಹಾಗೆ 50 ಜನರನ್ನು ಇಂಥ ಗುಂಪಿಗೆ, 50 ಜನರನ್ನು ಹೊರಗೆ ಇಟ್ಟು ನೋಡಿದರು. ಗುಂಪಿನಲ್ಲಿದ್ದವರಲ್ಲಿ ಹೊಸ ಲೈಂಗಿಕ ಅಪರಾಧಕ್ಕೆ ಬಂಧನವಾದದ್ದು ಒಬ್ಬ, ಹೊರಗಿದ್ದವರಲ್ಲಿ ಏಳು ಜನ. ಸಣ್ಣ ಸಂಖ್ಯೆ, ಗೊತ್ತು. ಆದರೆ ಇದು ಜೋಡಿ ಹೊಂದಿಸಿದ ಲೆಕ್ಕವಲ್ಲ, ನನ್ನ ಕಸುಬಿನವರು ಒಪ್ಪುವ ಲೆಕ್ಕ.

ಈ ಗುಂಪುಗಳಲ್ಲಿ ಕೂರುವವರು ನಮ್ಮ ನಿಮ್ಮಂಥ ಜನ. ರಿಟೈರ್ ಆದ ಮೇಷ್ಟ್ರು, ಕಾಲೇಜು ಹುಡುಗಿ, ಬ್ಯಾಂಕಿನವರು. ವಾರಕ್ಕೊಮ್ಮೆ ಟೀ ಕುಡಿಯುತ್ತ ಒಬ್ಬ ಅಪರಾಧಿಯ ಜೊತೆ ಹರಟುತ್ತಾರೆ, ದುಡ್ಡಿಲ್ಲ ಕಾಸಿಲ್ಲ. ಮೊನ್ನೆ ಇದನ್ನು ಮನೆಯಲ್ಲಿ ಹೇಳಿದಾಗ ಹೆಂಡತಿ ಕೇಳಿದಳು, ಇಲ್ಲಿ ಶುರು ಮಾಡಿದರೆ ನೀನು ಹೋಗ್ತೀಯಾ ಅಂತ. ನಮಗೆ ಆರು ವರ್ಷದ ಮಗಳಿದ್ದಾಳೆ. ಹೋಗ್ತೀನಿ ಅಂದೆ, ಆದರೆ ಮನೆ ಎಲ್ಲಿದೆ ಅಂತ ಮಾತ್ರ ಅವನಿಗೆ ಹೇಳಲ್ಲ ಅಂದೆ. ಅಲ್ಲಿಯ ನಿಯಮವೂ ಅದೇ ಅಂತೆ, ಕೂರುವವರು ತಮ್ಮ ಪೂರ್ತಿ ಹೆಸರು, ವಿಳಾಸ ಕೊಡುವ ಹಾಗಿಲ್ಲ.